ಕಂಪ್ಯೂಟರಿನ ಬಾಂದುಕಲ್ಲು ಕಿತ್ತವನು

ಸೋಮವಾರ ಬೆಳಿಗ್ಗೆ ಸರಿಯಾಗಿ ಒಂಬತ್ತು ಗಂಟೆಗೆ, ಹೆಂಡತಿ ಮತ್ತು ಮಗಳ ಸಮಕ್ಷಮದಲ್ಲಿ, ಬಲಗೈಯಿಂದ ಬಲಮೀಸೆ ಹಿಡಿದು ನಾನು ಘೋಷಿಸಿಯೇಬಿಟ್ಟೆ.

"ಈ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕೋನು ನಾನೇ! ಗುರುವಾರದೊಳಗೆ ಇದು ಅರಬ್ಬಿ ಕುದುರೆ ಥರ ಓಡದೆ ಇದ್ರೆ ಈ ಮೀಸೆ ನನ್ನದಲ್ಲ!"

"ಮೀಸೆ ಹೋದ್ರೆ ಮತ್ತೆ ಬರುತ್ತೆ ಬಿಡಿ. ಒಳಗಿರೋ ಅಮ್ಮನ ಹಾಡು ಹೋದ್ರೆ ಬರುತ್ತಾ?" ಎಂದಳು ಹೆಂಡತಿ ವಿಜ್ದಾನ್.

ಇದೇ ನೋಡಿ ನಮ್ಮ ಮನೆಯ ಕಾಯಿಲೆ. ಗಂಡಸು ಒಂದು ಒಳ್ಳೆಯ ಕೆಲಸಕ್ಕೆ ಮುಹೂರ್ತ ಇಡುವ ಹೊತ್ತಿಗೆ ಸರಿಯಾಗಿ ಸೀನುವುದು!

ಹಾಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಅತ್ತೆ ಹಾಜಿಯಾ ಫಿದ್ದಾ ಅಂದರೆ ಸಲ್ತ್ ಊರಿಗೇ ಹೆಸರು. ಯಾರ ಮನೆಯ ಮದರಂಗಿ ಶಾಸ್ತ್ರವಾದರೂ ಹಾಡಲು ಅವರೇ ಬೇಕು. ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ ವಿಜ್ದಾನ್ ತಾಯಿಯ ಪಕ್ಕ ಕೂತು, ಫೋನು ಹಿಡಿದು, ನಲವತ್ತಮೂರು ಹಾಡುಗಳನ್ನು ಅವರ ಧ್ವನಿಯಲ್ಲೇ ತುಂಬಿಸಿಕೊಂಡಿದ್ದಳು. ಆ ಫೋನು ಸತ್ತಿತು. ಹಾಡುಗಳು ಮಾತ್ರ ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿದವು. ಈಗ ಗುರುವಾರ ನಮ್ಮ ಶುರೂಕ್‌ಳ ಮದರಂಗಿ. ಹುಡುಗಿ ಬಂಗಾರ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. "ಅಂಗೈಗೆ ಮದರಂಗಿ ಇಡೋವಾಗ ಅಜ್ಜಿ ಧ್ವನಿ ಕೇಳಿಸ್ಬೇಕು ಅಪ್ಪಾ, ಅಷ್ಟೇ" ಎಂದಿದ್ದಳು.

ಆದರೆ ಕಂಪ್ಯೂಟರ್ ಏಳಬೇಕಲ್ಲ! ಹನ್ನೆರಡು ವರ್ಷದ ಹಿಂದೆ ಅಮ್ಮಾನಿನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಗುಂಡಿ ಒತ್ತಿ, ಚಹಾ ಕುದಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೆ ಆಗ ಅದು ಕಣ್ಣು ಬಿಡುತ್ತಿತ್ತು. ಹೋದ ವಾರದಿಂದ ಅದೂ ಇಲ್ಲ. ಒಂದು ನೀಲಿ ಪರದೆ ತೋರಿಸಿ ಗೊರಕೆ ಹೊಡೆಯುತ್ತ ಕೂತುಬಿಡುತ್ತಿತ್ತು.

"ಮಿಫ್ಲಿಹ್ ಅಂಗಡಿಗೆ ಕೊಟ್ಟುಬಿಡಿ ಅಂದ್ರೆ ಕೇಳಲ್ವಲ್ಲ" ಎಂದಳು ವಿಜ್ದಾನ್.

ಮಿಫ್ಲಿಹ್ ಎಂದರೆ ಅವಳ ತಮ್ಮ, ನನ್ನ ಬಾಮೈದ. ಹಮ್ಮಾಮ್ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಬಾಗಿಲಿಗೆ ನಾನು ಹೋಗುವುದೇ? ಹಿಂದೊಮ್ಮೆ ಕಂಪ್ಯೂಟರಿನ ಮೇಲೆ 'ಜಾಗ ಸಾಲದು' ಎಂದು ಬಂದಾಗ ನಾನು ಅದನ್ನು ಮೇಜಿನ ಸಮೇತ ದೊಡ್ಡ ಕೋಣೆಗೆ ಸಾಗಿಸಿದ್ದೆ. ಗಾಳಿಯಾಡಲಿ ಎಂದು ಸ್ವಾಮಿ! ಆ ಪಾಪಿ ಇದನ್ನು ಒಂದು ಮದುವೆ ಊಟದಲ್ಲಿ ಇನ್ನೂರು ಜನರೆದುರು ಹೇಳಿ, ಜನ ಅನ್ನದ ತಟ್ಟೆಯ ಮೇಲೆ ಬಿದ್ದು ಬಿದ್ದು ನಗುವಂತೆ ಮಾಡಿದ್ದ. ಅವತ್ತಿನಿಂದ ಅವನ ಅಂಗಡಿ ಮುಂದೆ ಹೋಗುವಾಗ ನಾನು ಆಕಾಶ ನೋಡಿಕೊಂಡು ಹೋಗುತ್ತೇನೆ. ಹಾಗೆ ನೋಡುತ್ತ ಹೋಗಿ ಎರಡು ಸಲ ಮೆಟ್ಟಿಲಿಂದ ಬಿದ್ದದ್ದೂ ಉಂಟು.

"ಉಮ್ಮು ಹಾಬಿಸ್," ಎಂದೆ ಗಂಭೀರವಾಗಿ. ಮಾತಿಗೆ ತೂಕ ಬೇಕಾದಾಗ ನಾನು ಹೆಂಡತಿಯನ್ನು ಹಿರಿಮಗ ಹಾಬಿಸ್‌ನ ತಾಯಿ ಎಂದೇ ಕರೆಯುವುದು. "ಮೂವತ್ತೆರಡು ವರ್ಷ ಭೂಮಾಪನ ಇಲಾಖೆಯಲ್ಲಿ ಈ ಜಿಲ್ಲೆಯ ಗುಡ್ಡಗಳನ್ನೆಲ್ಲ ಅಳೆದವನು ನಾನು. ಒಂದು ಡಬ್ಬಿ ನನಗೆ ಯಾವ ಲೆಕ್ಕ? ನಿಮ್ಮಮ್ಮನ ಗೋಡೆ ಗಡಿಯಾರ ರಿಪೇರಿ ಮಾಡಿಕೊಟ್ಟವನು ಯಾರು?"

"ನೀವೇ. ಅದು ಆಮೇಲೆ ದಿನಕ್ಕೆ ಒಂದೇ ಸಲ ಹೊಡೀತಿತ್ತು. ಒಟ್ಟಿಗೆ ಇಪ್ಪತ್ಮೂರು ಗಂಟೆ!"

"ಹೊಡೀತಿತ್ತೋ ಇಲ್ವೋ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಗೆದ್ದೆ ಎಂದುಕೊಂಡೆ.

ಮೊದಲ ದಿನ ಶುದ್ಧೀಕರಣ. ಡಬ್ಬಿ ಬಿಚ್ಚಿದೆ. ಅಬ್ಬಬ್ಬಾ, ಆ ಧೂಳು! ಅದರಲ್ಲಿ ಬೇಕಾದರೆ ಬಾರ್ಲಿ ಬೆಳೆಯಬಹುದಿತ್ತು. ಮೆತ್ತೆ ಗುಡಿಸುವ ಬ್ರಷ್ಷು ತಗೊಂಡು ಮೂಲೆ ಮೂಲೆ ತಿಕ್ಕಿದೆ. ತಿರುಗಿ ಜೋಡಿಸಿದಾಗ ಮೂರು ಸ್ಕ್ರೂ ಮಿಕ್ಕವು.

"ಅಪ್ಪಾ, ಇವು ಎಲ್ಲಿಯವು?" ಎಂದಳು ಶುರೂಕ್.

"ಹೆಚ್ಚುವರಿ ಕಣಮ್ಮಾ. ಸರ್ವೆಯಲ್ಲೂ ಒಂದೆರಡು ಅಡಿ ಹೆಚ್ಚುಕಮ್ಮಿ ಇದ್ದೇ ಇರುತ್ತೆ" ಎಂದು ಅವನ್ನು ಜೇಬಿಗೆ ಹಾಕಿಕೊಂಡೆ.

ಇನ್ನು ಕರೆಂಟು. ಕೆಲಸದ ಮಧ್ಯೆ ಕರೆಂಟು ಹೋದರೆ ಎಲ್ಲ ಕೆಡುತ್ತದೆ ಎಂದು, ಹೊಸ ಸಿಸ್ಟಂನ ಡಿಸ್ಕು ಕೊಟ್ಟ ಹಳೇ ಸಹೋದ್ಯೋಗಿ ಎಚ್ಚರಿಸಿದ್ದ. ಹಾಗಾಗಿ ಮನೆಯಲ್ಲಿ ತುರ್ತುಸ್ಥಿತಿ ಜಾರಿಗೊಳಿಸಿದೆ. ವಾಷಿಂಗ್ ಮಷೀನ್ ಬಂದ್! ಇಸ್ತ್ರಿಪೆಟ್ಟಿಗೆ ಬಂದ್! ಮದುವೆಮನೆಗೆಂದು ಬಂದಿದ್ದ ಹೆಂಡತಿಯ ಚಿಕ್ಕಮ್ಮಂದಿರು ಮೂವರು ದೀಪ ಆರಿಸಿದ ಅಡುಗೆಮನೆಯಲ್ಲಿ ಕೂತು, ದ್ರಾಕ್ಷಿ ಎಲೆಗೆ ಅನ್ನ ಸುತ್ತುತ್ತ ನನ್ನ ವಂಶವನ್ನು ಒಂದೊಂದು ಎಲೆಗೆ ಒಬ್ಬೊಬ್ಬರಂತೆ ನೆನೆಯುತ್ತಿದ್ದರು. ಮನೆಯಲ್ಲಿ ನಂಬಬಹುದಾದ ಪ್ಲಗ್ಗು ಒಂದೇ. ಅದರಲ್ಲಿ ಯಾವುದೋ ವಯರು ಸಿಕ್ಕಿಸಿತ್ತು. ಅದನ್ನು ಕಿತ್ತು ಕಂಪ್ಯೂಟರಿನದು ಸಿಕ್ಕಿಸಿದೆ. ಯಾವ ವಯರು ಎಂದು ನೋಡಲಿಲ್ಲ. ದಂಡಯಾತ್ರೆಗೆ ಹೊರಟ ಸೇನಾಪತಿ ವಯರು ನೋಡುತ್ತ ಕೂರುತ್ತಾನೆಯೇ?

ಮಂಗಳವಾರ ಬೆಳಿಗ್ಗೆ ಡಿಸ್ಕು ಒಳಗಿಟ್ಟೆ. ಪರದೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆ ಬಂತು. ಭಾಷೆ ಯಾವುದು? ದೇಶ ಯಾವುದು? ಎಲ್ಲಕ್ಕೂ ಎದೆಯುಬ್ಬಿಸಿ ಉತ್ತರಿಸಿದೆ. ಆಮೇಲೆ ಬಂತು ನೋಡಿ ಆ ನಕ್ಷೆ!

ಹಾರ್ಡ್ ಡಿಸ್ಕಿನ ನಕ್ಷೆ ಅದು. ಅದನ್ನು ಯಾವನೋ ಎರಡು ಹಿಸ್ಸೆ ಮಾಡಿ ಇಟ್ಟಿದ್ದ. ಒಂದು ಚಿಕ್ಕದು, ಒಂದು ದೊಡ್ಡದು, ನಡುವೆ ಯಾರಿಗೂ ಸೇರದ ಒಂದು ಚೂರು. ಸ್ವಾಮಿ, ಮೂವತ್ತೆರಡು ವರ್ಷ ನಾನು ನೋಡಿದ್ದು ಇದನ್ನೇ. ಅಜ್ಜ ಸತ್ತ, ಏಳು ಮಕ್ಕಳಿಗೆ ಏಳು ತುಂಡು. ಅವರು ಸತ್ತರು, ನಲವತ್ತು ತುಂಡು. ಕೊನೆಗೆ ಒಂದು ಆಲಿವ್ ಮರದಲ್ಲಿ ಬೇರು ಒಬ್ಬನದು, ಕೊಂಬೆ ಇನ್ನೊಬ್ಬನದು! ತುಂಡುಗಳನ್ನೆಲ್ಲ ಕೂಡಿಸಿ ಒಂದೇ ಹಿಡುವಳಿ ಮಾಡಬೇಕೆಂದು ಮೂವತ್ತೆರಡು ವರ್ಷ ಆಸೆಪಟ್ಟೆ. ವಾರಸುದಾರರು ಒಬ್ಬರೂ ಒಪ್ಪಲಿಲ್ಲ. ಇಲ್ಲಿ ಒಪ್ಪದೇ ಇರುವವರು ಯಾರು? ತಕರಾರು ಎತ್ತುವ ದಾಯಾದಿಗಳು ಎಲ್ಲಿ?

ಬಾಂದುಕಲ್ಲು ಕಿತ್ತೆ! ಅಂದರೆ 'ಅಳಿಸು' ಒತ್ತಿದೆ. ಒಂದು ಸಲ, ಎರಡು ಸಲ.

ಪರದೆ ಕೇಳಿತು: 'ಇದರಲ್ಲಿರುವುದೆಲ್ಲ ನಾಶವಾಗುತ್ತದೆ. ಖಚಿತವೇ?'

ಇಂಥ ನೋಟಿಸುಗಳನ್ನು ಸಾವಿರಗಟ್ಟಲೆ ಬರೆದು ಕಳಿಸಿದವನು ನಾನು. ಅವು ಕಳಿಸುವುದಕ್ಕೆ ಇರುವುದು, ಓದುವುದಕ್ಕಲ್ಲ. 'ಹೌದು' ಒತ್ತಿದೆ. ಪರದೆಯ ಮೇಲೆ ಚಕ್ಕುಬಂದಿಯಿಲ್ಲದ, ತಂಟೆ ತಕರಾರಿಲ್ಲದ, ಸಮತಟ್ಟಾದ ಒಂದೇ ಒಂದು ಹಿಡುವಳಿ ಮಲಗಿತ್ತು! ಸಂತೋಷದಿಂದ ನನ್ನ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಮುದುಕ ಡಬ್ಬಿ ಮದುಮಗನ ಹಾಗೆ ಎದ್ದು ನಿಂತಿತು. ಹಸಿರು ಗುಡ್ಡದ ಚಿತ್ರ, ಹೊಳೆಯುವ ಪರದೆ. ಗುಂಡಿ ಒತ್ತಿದರೆ ಸಾಕು, ಚಹಾ ಕುದಿಸುವುದಿರಲಿ, ನೀರು ತುಂಬಲೂ ಪುರುಸೊತ್ತಿಲ್ಲ!

"ಬನ್ನಿ! ಎಲ್ಲರೂ ಬನ್ನಿ!" ಎಂದು ಕೂಗಿದೆ. ಹೆಂಡತಿ ಬಂದಳು, ಮಗಳು ಬಂದಳು, ಮೂವರು ಚಿಕ್ಕಮ್ಮಂದಿರೂ ಎಲೆ ಹಿಡಿದುಕೊಂಡೇ ಬಂದರು. ನಾನು ಮೀಸೆಯನ್ನು ಎರಡೂ ಕಡೆ ತಿರುವಿದೆ.

"ಪರವಾಗಿಲ್ವೇ!" ಎಂದಳು ವಿಜ್ದಾನ್. ನಿಜ ಹೇಳುತ್ತೇನೆ, ಆ ಕಣ್ಣಲ್ಲಿ ಮದುವೆಯಾದ ಹೊಸದರ ಮೆಚ್ಚುಗೆ ಇತ್ತು. "ಎಲ್ಲಿ, ಅಮ್ಮಂದು ಒಂದು ಹಾಡು ಹಾಕಿ."

"ಅದಕ್ಕೇನಂತೆ. ಎಲ್ಲಿಟ್ಟಿದ್ದೆ?"

"ಆ ಎರಡನೇ ಡ್ರೈವಿನಲ್ಲಿ."

ನಾನು ಪರದೆ ನೋಡಿದೆ. ಅಲ್ಲಿ ಎರಡನೆಯದು ಎಂಬುದು ಇರಲಿಲ್ಲ. ಒಂದೇ ಹಿಡುವಳಿ ಇತ್ತು. ಸಮತಟ್ಟಾಗಿ.

"ಇಲ್ಲೇ ಎಲ್ಲೋ..." ಎಂದೆ.

"ಎಲ್ಲಿ?"

"ಅದೂ... ಉಮ್ಮು ಹಾಬಿಸ್, ನಾನು ಅದನ್ನ ಒಟ್ಟುಗೂಡಿಸಿದೆ."

"ಏನನ್ನ?"

"ಎಲ್ಲವನ್ನ."

ಶುರೂಕ್ ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಹೊರಗೆ ಬರಬಾರದೆಂದು ಹುಡುಗಿ ದಿಂಬು ಕಚ್ಚಿಕೊಂಡಿದ್ದು ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ಅಡುಗೆಮನೆಗೆ ವಾಪಸು ಹೋಗಿದ್ದ ದೊಡ್ಡ ಚಿಕ್ಕಮ್ಮನ ಕೂಗು: "ಅಯ್ಯೋ ವಿಜ್ದಾನ್! ಫ್ರೀಜರಿನಿಂದ ನೀರು ಹರೀತಿದೆ ಕಣೇ!"

ನಾನು ಕಿತ್ತಿದ್ದು ಫ್ರೀಜರಿನ ವಯರು. ಸೋಮವಾರದಿಂದ! ಒಳಗೆ ಮದರಂಗಿಯ ಊಟಕ್ಕೆಂದು ಹದಿನೈದು ದಿನದಿಂದ ಕೂತು ಉಂಡೆ ಕಟ್ಟಿ ಇಟ್ಟಿದ್ದ ಆರುನೂರು ಕುಬ್ಬೆ. ಮಾಂಸ ತುಂಬಿದ ಆರುನೂರು ಉಂಡೆಗಳು ಮೆತ್ತಗಾಗಿ ಒಂದನ್ನೊಂದು ಅಪ್ಪಿಕೊಂಡಿದ್ದವು. ಅವೂ ಒಟ್ಟುಗೂಡಿದ್ದವು!

ವಿಜ್ದಾನ್ ಬೈದಿದ್ದರೆ ನನಗೆ ಜೀವ ಬರುತ್ತಿತ್ತು. ಬೈಯಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಒಂದೇ ಒಂದು ಮಾತಾಡಲಿಲ್ಲ. ಸುಮ್ಮನೆ ಎಣ್ಣೆ ಕಾಯಿಸಿದಳು. ಆರುನೂರು ಕುಬ್ಬೆ ಕರಿದಳು. ತಟ್ಟೆಗೆ ತುಂಬಿ, ಬಟ್ಟೆ ಮುಚ್ಚಿ, ಚಿಕ್ಕಮ್ಮಂದಿರನ್ನು ಕರೆದುಕೊಂಡು ಬೀದಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಮನೆ ಮನೆಗೂ ಹಂಚಿ ಬಂದಳು. ಕೆಟ್ಟು ಹೋಗುವ ಮುಂಚೆ ಯಾರಾದರೂ ತಿನ್ನಲಿ ಎಂದು ಇರಬೇಕು ಎಂದುಕೊಂಡೆ. ನಾನೊಬ್ಬ ಶುದ್ಧ ಎಮ್ಮೆ!

ಆ ರಾತ್ರಿ ನನಗೆ ನಿದ್ದೆಯಿಲ್ಲ. ನಾಚಿಕೆ ಒಂದು ಕಡೆ, ಸಂಕಟ ಒಂದು ಕಡೆ. ಅತ್ತೆ ಮುನ್ನೂರು ಮದುಮಗಳಿಗೆ ಹಾಡಿದವರು. ಸ್ವಂತ ಮೊಮ್ಮಗಳ ಮದರಂಗಿಗೆ ಅವರ ಧ್ವನಿ ಇಲ್ಲದ ಹಾಗೆ ಮಾಡಿದವನು ನಾನು. ಆದರೆ ಸೋಲೊಪ್ಪುವುದೇ? ಅಳಿಸಿದವನಿಗೆ ತಿರುಗಿ ಬರೆಯಲು ಬರುವುದಿಲ್ಲವೇ? ಇನ್ನೂ ಒಂದು ಸಲ ಸಿಸ್ಟಂ ಹಾಕೋಣ. ಬರದಿದ್ದರೆ ಮತ್ತೊಂದು ಸಲ. ಅದಕ್ಕೂ ಬಗ್ಗದಿದ್ದರೆ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಒಳಗೆ ನೋಡೋಣ, ಹಾಡು ಎಲ್ಲಿ ಅಡಗಿದೆಯೋ!

ಬುಧವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆನೋ ಇಲ್ಲವೋ, ಬಾಗಿಲು ಬಡಿದ ಸದ್ದು.

ತೆಗೆದು ನೋಡಿದರೆ ಹಿರಿಯರ ದಂಡು! ಹನ್ನೊಂದು ಜನ. ಒಂಟೆ ಕೂದಲಿನ ನಿಲುವಂಗಿ ಹೊದ್ದು, ತಲೆವಸ್ತ್ರ ಸರಿಮಾಡಿಕೊಂಡು, ಸಾಲಾಗಿ ನಿಂತಿದ್ದಾರೆ. ಮುಂದೆ ನಮ್ಮ ಬೀದಿಗೇ ಹಿರಿಯರಾದ ಹಾಜಿ ದೈಫಲ್ಲಾ. ಹೆಣ್ಣು ಕೇಳಲು, ರಾಜಿ ಮಾಡಿಸಲು, ರಕ್ತ ಹರಿಯುವ ಜಗಳ ನಿಲ್ಲಿಸಲು ಮಾತ್ರ ಹೊರಡುವ ದಂಡು ಇದು. ಇದು ಒಬ್ಬನ ಮನೆಗೆ ಬಂತೆಂದರೆ ಅವನು ಊರಿನಲ್ಲಿ ದೊಡ್ಡ ಮನುಷ್ಯ ಎಂದೇ ಅರ್ಥ!

ನನ್ನ ಎದೆ ಒಂದು ಅಡಿ ಅಗಲವಾಯಿತು. ಸರ್ವೆ ಬೇಕಾದರೆ ಮಾಡಿಸಿಕೊಳ್ಳಿ! ಯಾಕೆ ಬಂದಿದ್ದಾರೆ? ಬೀದಿಯ ಸಮಿತಿಗೆ ಅಧ್ಯಕ್ಷನಾಗು ಎಂದು ಕೇಳಲೇ? ಮಸೀದಿ ಜಾಗದ ತಕರಾರು ಬಿಡಿಸಲೇ? ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿ, ಎಲ್ಲರನ್ನೂ ಮೆತ್ತೆಗಳ ಮೇಲೆ ಕೂರಿಸಿದೆ. ಏಲಕ್ಕಿ ಹಾಕಿದ ಕಹಿ ಕಾಫಿ ಆಶ್ಚರ್ಯವೆಂಬಂತೆ ಒಳಗೆ ಆಗಲೇ ಕಾದು ಸಿದ್ಧವಾಗಿತ್ತು. ಆಗಲಾದರೂ ನನಗೆ ಹೊಳೆಯಬೇಡವೇ?

ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ಹಾಜಿಯ ಕೈಗಿಟ್ಟೆ. ಅವರು ಅದನ್ನು ಕುಡಿಯದೆ ಮೆಲ್ಲಗೆ ನೆಲದ ಮೇಲಿಟ್ಟರು. ಉಳಿದ ಹತ್ತೂ ಜನ ಹಾಗೇ ಇಟ್ಟರು. ಬಂದ ಹಿರಿಯರ ಕಾಫಿ ನೆಲದ ಮೇಲೆ ಆರಿಹೋಯಿತು ಎಂದರೆ ಆ ಮನೆಯವನು ಸತ್ತಂತೆಯೇ!

"ಅಬು ಹಾಬಿಸ್," ಎಂದು ಹಾಜಿ ನನ್ನನ್ನು ಹಾಬಿಸ್‌ನ ತಂದೆಯೆಂದೇ ಗೌರವದಿಂದ ಕರೆದರು, "ನಿನ್ನ ಹತ್ರ ನಮ್ಮದೊಂದು ಕೋರಿಕೆ ಇದೆ. ಅದು ನಡೆಯೋವರೆಗೂ ನಿನ್ನ ಕಾಫಿ ಕುಡಿಯಲ್ಲ."

"ಕುಡೀರಿ ಹಾಜೀ, ಕುಡೀರಿ! ನೀವು ಬಂದ ಕೆಲಸ ಆಯ್ತು ಅಂದ್ಕೊಳ್ಳಿ!"

"ಏನು ಅಂತ ಒಂದು ಮಾತು ಕೇಳಿಕೋ ಮಾರಾಯ."

"ಕೇಳೋದೇ ಬೇಡ! ಹನ್ನೊಂದು ಮೀಸೆ ನನ್ನ ಹೊಸ್ತಿಲು ತುಳಿದಿವೆ. ನನ್ನ ಕಣ್ಣು ಕೇಳಿ, ಕೊಟ್ಟೆ! ನನ್ನ ಮೀಸೆಯಾಣೆ, ಕುಡೀರಿ!"

"ಮೀಸೆಯಾಣೆ ಅಂದೆ. ಎಲ್ಲರೂ ಕೇಳಿದ್ರಲ್ಲ?" ಎಂದು ಹಾಜಿ ಸುತ್ತ ನೋಡಿದರು. ಎಲ್ಲರೂ ತಲೆಯಾಡಿಸಿದರು. ಹನ್ನೊಂದು ಬಟ್ಟಲು ಒಟ್ಟಿಗೆ ಮೇಲೆದ್ದವು. ಸೊರ್ರೆಂದು ಕುಡಿದರು. ಹಾಜಿ ಗಡ್ಡ ಒರೆಸಿಕೊಂಡರು.

"ಕಾಫಿ ಚೆನ್ನಾಗಿದೆ. ಈಗ ಕೇಳು. ಆ ಕಂಪ್ಯೂಟರು ಈ ಕ್ಷಣ ಮಿಫ್ಲಿಹ್‌ನ ಕೈ ಸೇರಬೇಕು. ಇನ್ಮೇಲೆ ನೀನು ಬದುಕಿರೋವರೆಗೂ ಅದನ್ನ ಮುಟ್ಟಬಾರದು. ಆ ಜೇಬಿನಲ್ಲಿರೋ ಸ್ಕ್ರೂಡ್ರೈವರೂ ಇತ್ಲಾಗೆ ಕೊಡು."

ನಾನು ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

"ಹಾಜೀ, ಇದೆಲ್ಲ ನಿಮಗೆ ಯಾರು..."

"ನಿನ್ನ ಹೆಂಡತಿ ನಿನ್ನೆ ಒಂದು ತಟ್ಟೆ ಕುಬ್ಬೆ ತಂದಿಟ್ಟು, ಕಣ್ಣೀರು ಹಾಕ್ಕೊಂಡು ಹೋದಳು ಕಣಯ್ಯಾ. ಕುಬ್ಬೆ ತಿಂದ ಮೇಲೆ ಬರದೆ ಇರೋಕಾಗುತ್ತಾ?"

"ನಮ್ಮನೇಗೂ ಬಂದಿತ್ತು" ಎಂದರು ಇನ್ನೊಬ್ಬರು. "ನಮಗೂ" ಎಂದರು ಮತ್ತೊಬ್ಬರು. "ಪೈನ್ ಬೀಜ ಬಹಳ ಧಾರಾಳವಾಗಿ ಹಾಕಿದ್ರು" ಎಂದರು ಮೂರನೆಯವರು.

ಸಾಲಿನ ಕೊನೆಯಲ್ಲಿ, ತಲೆವಸ್ತ್ರವನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ ಹನ್ನೊಂದನೆಯವನು ಎದ್ದ. ಮಿಫ್ಲಿಹ್! ನನ್ನ ಕಾಫಿಯನ್ನೂ ಕುಡಿದಿದ್ದ! ಬಂದವನೇ ಡಬ್ಬಿಯ ಮುಂದೆ ಮಂಡಿಯೂರಿ ಕೂತ.

"ಭಾವ, ಒಂದೇ ಪ್ರಶ್ನೆ. ಅಳಿಸಿದ ಮೇಲೆ ಇನ್ನೊಂದು ಸಲ ಸಿಸ್ಟಂ ಹಾಕಿದ್ರಾ?"

"ಇಲ್ಲ. ಈಗ ಹಾಕೋಣ ಅಂತಿದ್ದೆ."

"ಅಲ್ಲಾಹುವಿನ ದಯೆ!" ಎಂದು ಅವನು ನಿಟ್ಟುಸಿರು ಬಿಟ್ಟ. "ನೀವು ಬಾಂದುಕಲ್ಲು ಕಿತ್ತಿದ್ದೀರಿ, ಪಹಣಿ ಹರಿದಿದ್ದೀರಿ. ಆದ್ರೆ ಬೆಳೆ ಇನ್ನೂ ಹೊಲದಲ್ಲೇ ನಿಂತಿರಬಹುದು. ಇನ್ನೊಂದು ಸಲ ಉತ್ತಿದ್ರೆ ಮುಗೀತಿತ್ತು."

ಬಾಗಿಲ ಸಂದಿಯಲ್ಲಿ ವಿಜ್ದಾನ್ ನಿಂತಿದ್ದಳು. ಮಂಗಳವಾರ ಮಧ್ಯಾಹ್ನದಿಂದೀಚೆಗೆ ಮೊದಲ ಬಾರಿ ಮಾತಾಡಿದಳು: "ಅದಕ್ಕೇ ಕಣೋ ಇವತ್ತೇ ಹೊರಡಿಸಿದ್ದು. ಇವರು ಹಿಡಿದ ಹಟ ಬಿಡೋ ಪೈಕಿ ಅಲ್ಲ ಅಂತ ನಂಗೊತ್ತಿಲ್ವಾ?"

ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಹಿರಿಯರು ಮೆರವಣಿಗೆಯಂತೆ ಮೆಟ್ಟಿಲಿಳಿದರು. ನಾನು ಹಿಂದೆಯೇ ಓಡಿ, ಬಾಮೈದನ ಕೈಗೆ ಆ ಮೂರು ಸ್ಕ್ರೂ ಇಟ್ಟೆ. ಅವನು ನಗಲಿಲ್ಲ. ಆ ಒಂದು ಉಪಕಾರಕ್ಕೆ ಮದುವೆಮನೆಯ ಹಳೇ ಅಪರಾಧ ಅರ್ಧ ಮನ್ನಾ ಮಾಡಿದೆ.

ಗುರುವಾರ ಮಧ್ಯಾಹ್ನ ಅಂಗಡಿಯಿಂದ ಸುದ್ದಿ ಬಂತು. ನಲವತ್ತಮೂರರಲ್ಲಿ ನಲವತ್ತೊಂದು ಹಾಡು ಸಿಕ್ಕಿದ್ದವು. ಶುರೂಕ್ ಬಂದು ನನ್ನ ಕೊರಳಿಗೆ ಜೋತುಬಿದ್ದಳು. ಏನೂ ಮಾಡದವನ ಕೊರಳಿಗೆ! "ಹೋದ ಎರಡು ನಂಗೆ ಬಾಯಿಗೆ ಬರುತ್ತೆ. ನಾನೇ ಹಾಡ್ತೀನಿ ಬಿಡಿ" ಎಂದಳು ವಿಜ್ದಾನ್, ನನ್ನ ಮುಖ ನೋಡದೆ.

ಸಂಜೆ ಮಾಳಿಗೆಯ ಮೇಲೆ ನೂರೈವತ್ತು ಹೆಂಗಸರು. ಗಂಡಸರೆಲ್ಲ ಕೆಳಗೆ ಅಂಗಳದಲ್ಲಿ. ನಾನು ಮತ್ತು ಮಿಫ್ಲಿಹ್ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತಿದ್ದೆವು. ದೊಡ್ಡ ಸ್ಪೀಕರು ಕರಕರ ಎಂದಿತು, ಆಮೇಲೆ ಅತ್ತೆಯ ಧ್ವನಿ ಮೇಲಿಂದ ಇಳಿದು ಬಂತು. ಒರಟು ಧ್ವನಿ, ಸ್ವಲ್ಪ ಕೆಮ್ಮು, ಆದರೆ ಏನು ಗತ್ತು! ಮೇಲೆ ಯಾರೋ ಬಿಕ್ಕಿದರು. ಕೆಳಗೆ ಹಾಜಿ ದೈಫಲ್ಲಾ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಹಾಡು ಮುಗಿಯಿತು. ಸ್ಪೀಕರು ನಿಲ್ಲಲಿಲ್ಲ. ಅತ್ತೆ ಕೆಮ್ಮಿದರು. ಹಾಡಿನ ಬಾಲಕ್ಕೆ ಅಂಟಿಕೊಂಡಿದ್ದ ಮಾತೊಂದು, ವಿಜ್ದಾನ್ ಬಿಟ್ಟು ನಮ್ಮಲ್ಲಿ ಯಾರೂ ಕೇಳಿರದ ಮಾತೊಂದು, ಇಡೀ ಗುಡ್ಡಕ್ಕೆ ಕೇಳುವಂತೆ ಬಂತು:

"ವಿಜ್ದಾನ್, ಇದನ್ನೆಲ್ಲ ಎಲ್ಲಿ ಇಡ್ತೀಯೇ?"

"ಮನೇಲಿರೋ ಕಂಪ್ಯೂಟರಲ್ಲಿ ಕಣಮ್ಮಾ."

"ಇಡು. ಆದ್ರೆ ನಿನ್ನ ಗಂಡನ ಕೈಗೆ ಸಿಗದ ಹಾಗೆ ಇಡು. ಒಳ್ಳೆಯ ಮನುಷ್ಯ, ಚಿನ್ನದಂಥ ಅಳಿಯ. ಆದ್ರೆ ಅವನ ಕೈಗೆ ಸ್ಕ್ರೂಡ್ರೈವರ್ ಮಾತ್ರ ಕೊಡಬೇಡ. ನನ್ನ ಗಡಿಯಾರ ರಿಪೇರಿ ಮಾಡ್ದ ನೋಡು, ಅವತ್ತಿನಿಂದ ಹೊತ್ತು ತಿಳಿಯೋಕೆ ಪಕ್ಕದ ಮನೆ ಕೋಳೀನೇ ನಂಬ್ಕೊಂಡಿದೀನಿ!"

ನೂರೈವತ್ತು ಹೆಂಗಸರು ಒಟ್ಟಿಗೆ ನಕ್ಕರು. ಮಾಳಿಗೆ ಅದುರಿತು. ಅಂಗಳದಲ್ಲಿ ಹನ್ನೊಂದು ನಿಲುವಂಗಿಗಳು ಕುಲುಕುಲು ಕುಲುಕಿದವು. ಎಲ್ಲದರ ಮೇಲೆ ನನ್ನ ಮಗಳ ನಗು ಕೇಳಿಸುತ್ತಿತ್ತು, ಅಳು ಬೆರೆತ ನಗು. "ಇನ್ನೊಂದ್ಸಲ ಹಾಕಿ! ಇನ್ನೊಂದ್ಸಲ!" ಎಂದು ಅವಳೇ ಕೂಗುತ್ತಿದ್ದಳು.

ಮಿಫ್ಲಿಹ್ ಒಂದು ಬಟ್ಟಲು ಕಾಫಿ ಬಗ್ಗಿಸಿ ನನ್ನ ಕೈಗಿಟ್ಟ. ನಾನು ಅದನ್ನು ಕುಡಿಯದೆ ಮೆಟ್ಟಿಲ ಮೇಲೆ ಇಟ್ಟೆ.

"ಮಿಫ್ಲಿಹ್, ನನ್ನದೊಂದು ಕೋರಿಕೆ ಇದೆ. ಅದು ನಡೆಯೋವರೆಗೂ ಕಾಫಿ ಕುಡಿಯಲ್ಲ."

"ಹೇಳಿ ಭಾವ. ನಾನು ಕೇಳಿಕೊಂಡೇ ಒಪ್ಪೋನು."

"ಆ ಕೊನೇ ಮಾತು ಇದೆಯಲ್ಲ... ಅದೊಂದನ್ನ ಅಳಿಸಿಬಿಡು ಮಾರಾಯ."

ಅವನು ತನ್ನ ಬಟ್ಟಲನ್ನು ನಿಧಾನವಾಗಿ ಕುಡಿದು ಮುಗಿಸಿದ.

"ಅಳಿಸೋ ಕೆಲಸಕ್ಕೆ ನಮ್ಮ ವಂಶದಲ್ಲಿ ನಿಮ್ಮಷ್ಟು ನಿಪುಣರು ಯಾರಿದ್ದಾರೆ ಭಾವ? ಏನ್ಮಾಡೋದು ಹೇಳಿ, ಇನ್ಮೇಲೆ ನೀವು ಅದನ್ನ ಮುಟ್ಟೋ ಹಾಗಿಲ್ವಲ್ಲ!"

ಮೇಲೆ ಸ್ಪೀಕರು ಮತ್ತೆ ಕರಕರ ಎಂದಿತು. ನನ್ನ ಕಾಫಿ ಮೆಟ್ಟಿಲ ಮೇಲೆ ಆರುತ್ತಿತ್ತು.